ಡಬ್ಬದೊಳಗಿನ ಗಾಳಿಗೂ ಲೆಕ್ಕವಿದೆ



ಭಾಷೆ ಕಲಿಸುವ ಮೇಷ್ಟ್ರಿಗೆ ಕಾರಿನ ಸಬ್‌ವೂಫರ್ ಉಸಾಬರಿ ಯಾಕೆ ಎಂದು ಕೆಲವರು ನಗಬಹುದು. ನಗಲಿ. ಹತ್ತನೆಯ ತರಗತಿ ಮುಗಿಸಿ ಗ್ಯಾರೇಜು, ಕಾರ್ ಡೆಕೋರ್ ಅಂಗಡಿ, ವೈರಿಂಗ್ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಕಡಿಮೆಯಿಲ್ಲ. ಅಂಥವರಲ್ಲೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಹೊಸ ಸ್ಪೀಕರ್ ಜೊತೆ ಬಂದಿದ್ದ ಹಾಳೆ ಹಿಡಿದು ಮನೆಗೆ ಬಂದ. "ಸರ್, ಇದರಲ್ಲಿ ವಾಲ್ಯೂಮ್ 15 ಲೀಟರ್ ಅಂತ ಇದೆ. ಶಬ್ದವನ್ನ ಲೀಟರಿನಲ್ಲಿ ಅಳೀತಾರಾ?" ಎಂದ.

ಪ್ರಶ್ನೆ ಪೆದ್ದುತನದ್ದಲ್ಲ. ಇಂಗ್ಲಿಷಿನಲ್ಲಿ ಶಬ್ದದ ಜೋರಿಗೂ ಪೆಟ್ಟಿಗೆಯ ಒಳಜಾಗಕ್ಕೂ ಅದೊಂದೇ ಪದ. ಉರ್ದು ಮಾಧ್ಯಮದಲ್ಲಿ ಅವನು ಇದನ್ನೇ 'ಹಜ್ಮ್' ಎಂದು ಓದಿದ್ದ, ಕನ್ನಡದ ಮಕ್ಕಳು 'ಘನಫಲ' ಎಂದು ಓದುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಆ ಲೆಕ್ಕವೇ ಈ ಹಾಳೆಯಲ್ಲಿದೆ ಎಂಬುದು ಗೊತ್ತಿರಲಿಲ್ಲ. ಅವನು ಹಲಗೆಯನ್ನು 40, 25, 15 ಸೆಂಟಿಮೀಟರ್ ಹೊರ ಅಳತೆಗೆ ಕತ್ತರಿಸಿ ಡಬ್ಬ ಮಾಡಿದ್ದ. ಗಿರಾಕಿ ವಾಪಸು ತಂದ. ಅಂಗಡಿಯವರು ಹಲಗೆಯ ಹಣವನ್ನು ಹುಡುಗನ ಕೂಲಿಯಲ್ಲಿ ಹಿಡಿದರು.

ಆಗಿದ್ದೇನು ನೋಡಿ. 40, 25, 15 ಗುಣಿಸಿದರೆ 15,000 ಘನ ಸೆಂಟಿಮೀಟರ್, ಅಂದರೆ ಸರಿಯಾಗಿ 15 ಲೀಟರ್. ಆದರೆ ಹಲಗೆ 18 ಮಿಲಿಮೀಟರ್ ದಪ್ಪ. ಎರಡೂ ಬದಿ ಸೇರಿ ಪ್ರತಿ ಅಳತೆಯಲ್ಲೂ 3.6 ಸೆಂಟಿಮೀಟರ್ ಹೋಗುತ್ತದೆ. ಉಳಿದದ್ದು 36.4, 21.4, 11.4. ಗುಣಿಸಿ, 9 ಲೀಟರ್ ಕೂಡ ಆಗುವುದಿಲ್ಲ! ಅದರಲ್ಲೂ ಸ್ಪೀಕರಿನ ಆಯಸ್ಕಾಂತ ತನ್ನ ಪಾಲಿನ ಜಾಗ ಹಿಡಿಯುತ್ತದೆ.

ಜಾಗ ಕಡಿಮೆಯಾದರೆ ಏನಾಗುತ್ತದೆ ಎಂದು ನೀವು ಕೇಳಬಹುದು. ಮುಚ್ಚಿದ ಡಬ್ಬದೊಳಗಿನ ಗಾಳಿ ಒಂದು ಸ್ಪ್ರಿಂಗ್ ಇದ್ದಂತೆ. ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ತಳ್ಳಿ ನೋಡಿ, ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಬಿಗಿ ಹೆಚ್ಚು. ಸ್ಪೀಕರಿನ ಕೋನು ಹಿಂದೆ ಮುಂದೆ ಆಡುವಾಗ ಈ ಬಿಗಿಯ ವಿರುದ್ಧ ಆಡಬೇಕು. ಬಿಗಿ ಹೆಚ್ಚಾದರೆ ಆಳದ ಸ್ವರಗಳು ಸೊರಗುತ್ತವೆ, ಅದರ ಮೇಲಿನ ಒಂದು ಸ್ವರ ಮಾತ್ರ ಉಬ್ಬಿ ಎಲ್ಲ ಹಾಡಿಗೂ ಒಂದೇ ಢಂ ಢಂ ಕೇಳುತ್ತದೆ. ಉರ್ದುವಿನಲ್ಲಿ 'ಗೂಂಜ್' ಅನ್ನುತ್ತೇವಲ್ಲ, ಅದು.

ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡ ಸ್ಪೀಕರನ್ನು ಮಾರುಕಟ್ಟೆಗೆ ತಂದವರು ಅಮೆರಿಕದ ಎಡ್ಗರ್ ವಿಲ್ಚರ್. ಅವರೂ ಪಾಠ ಹೇಳುತ್ತಿದ್ದವರೇ. ತಮ್ಮ ವಿದ್ಯಾರ್ಥಿಯಾಗಿದ್ದ ಹೆನ್ರಿ ಕ್ಲಾಸ್ ಜೊತೆಗೂಡಿ 1954ರಲ್ಲಿ ಕಂಪನಿ ಕಟ್ಟಿದರು. ಡಬ್ಬಕ್ಕೂ ಸ್ಪೀಕರಿಗೂ ಇರುವ ಸಂಬಂಧವನ್ನು ಸೂತ್ರಕ್ಕೆ ಇಳಿಸಿದವರು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್. ಸ್ಪೀಕರಿನ ಹಾಳೆಯಲ್ಲಿರುವ ಎಫ್.ಎಸ್., ಕ್ಯೂ.ಟಿ.ಎಸ್., ವಿ.ಎ.ಎಸ್. ಎಂಬ ಮೂರು ಸಂಖ್ಯೆಗಳು ಅವರ ಹೆಸರಿನವು.

ಲೆಕ್ಕ ಹೀಗೆ. ವಿ.ಎ.ಎಸ್. ಅನ್ನು ಡಬ್ಬದ ಘನಫಲದಿಂದ ಭಾಗಿಸಿ, ಒಂದು ಕೂಡಿಸಿ, ವರ್ಗಮೂಲ ತೆಗೆಯಿರಿ. ಬಂದ ಸಂಖ್ಯೆಯಿಂದ ಕ್ಯೂ.ಟಿ.ಎಸ್. ಅನ್ನೂ ಎಫ್.ಎಸ್. ಅನ್ನೂ ಗುಣಿಸಿ. ಮೊದಲನೆಯ ಉತ್ತರ 0.7ರ ಸುಮಾರಿಗೆ ಬಂದರೆ ಸ್ವರ ಸಮವಾಗಿರುತ್ತದೆ. ಎರಡನೆಯದರಿಂದ ಕೆಳಗಿನ ಸ್ವರಗಳು ಇಳಿಯುತ್ತಾ ಹೋಗುತ್ತವೆ. ಎಂಟು ಇಂಚಿನ ಸ್ಪೀಕರೊಂದರ ವಿ.ಎ.ಎಸ್. 15 ಲೀಟರ್, ಕ್ಯೂ.ಟಿ.ಎಸ್. 0.5, ಎಫ್.ಎಸ್. 40 ಹರ್ಟ್ಜ್ ಎನ್ನೋಣ. 15 ಲೀಟರ್ ಡಬ್ಬದಲ್ಲಿ ಉತ್ತರ ಸುಮಾರು 0.7 ಮತ್ತು 57 ಹರ್ಟ್ಜ್. ಅದೇ ಸ್ಪೀಕರನ್ನು 5 ಲೀಟರಿನಲ್ಲಿ ಕೂರಿಸಿದರೆ 1 ಮತ್ತು 80 ಹರ್ಟ್ಜ್. ದೊಡ್ಡ ಸ್ಪೀಕರ್ ಕೊಂಡು ಹಳೆಯ ಡಬ್ಬಕ್ಕೇ ತುರುಕಿಸುವವರ ದುಡ್ಡು ಹೀಗೇ ಹೋಗುವುದು.

ಈಗ ಕಾರಿನ ಜೊತೆಗೇ ಬಂದ ಡಬ್ಬಕ್ಕೆ ಬರೋಣ. ಅದು ಹೆಚ್ಚಾಗಿ ತೆಳು ಪ್ಲಾಸ್ಟಿಕ್, ಡಿಕ್ಕಿಯ ಬದಿಯಲ್ಲೋ ಸ್ಟೆಪ್ನಿಯ ಕುಳಿಯಲ್ಲೋ ಸೇರಿಸಿರುತ್ತಾರೆ. ಜಾಗ ಉಳಿಸಬೇಕು, ತೂಕ ಉಳಿಸಬೇಕು, ಅದು ತಯಾರಕರ ಕಷ್ಟ. ಎಷ್ಟೋ ಕಾರುಗಳಲ್ಲಿ ಆಂಪ್ಲಿಫೈಯರನ್ನೇ ಆ ಸಣ್ಣ ಡಬ್ಬಕ್ಕೆ ಹೊಂದಿಸಿರುತ್ತಾರೆ. ಆದ್ದರಿಂದ ಡಬ್ಬ ಬದಲಿಸಿದ ಕೂಡಲೇ ಬಾಸ್ ಹದಗೆಟ್ಟರೆ ಗಾಬರಿ ಬೇಡ, ಬಾಸ್ ಗುಂಡಿಯನ್ನು ಮೊದಲು ಇಳಿಸಿ ಕೇಳಿ. ಹೊಸ ಸ್ಪೀಕರಿನ ಓಮ್ ಹಳೆಯದರಷ್ಟೇ ಇರಬೇಕು, ಕಡಿಮೆಯಾದರೆ ಆಂಪ್ಲಿಫೈಯರ್ ಸುಡುತ್ತದೆ.

ಮೊದಲು ಹಳೆಯ ಡಬ್ಬವನ್ನೇ ಸುಧಾರಿಸಿ ನೋಡಿ, ಖರ್ಚು ಅಲ್ಪ. ಸ್ಪೀಕರ್ ಬಿಚ್ಚಿ, ಒಳಗೊಂದು ತೆಳು ಚೀಲವಿಟ್ಟು ಥರ್ಮೊಕೋಲ್ ಗುಂಡು ತುಂಬಿ, ಅದನ್ನು ಲೀಟರ್ ಪಾತ್ರೆಯಲ್ಲಿ ಅಳೆದರೆ ಒಳಜಾಗ ಗೊತ್ತಾಗುತ್ತದೆ. ಗೋಡೆಗೆ ಒಳಗಿನಿಂದ ಬ್ಯುಟೈಲ್ ಹಾಳೆ ಅಂಟಿಸಿದರೆ ನಡುಕ ಇಳಿಯುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರನ್ನು ಸಡಿಲವಾಗಿ ಹಾಕಿದರೆ ಗಾಳಿಯ ಬಿಸಿಯನ್ನು ಅದು ಹೀರಿ, ಡಬ್ಬ ಸ್ವಲ್ಪ ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದಲ್ಲಿ 1.4 ಪಟ್ಟು, ನಿಜದಲ್ಲಿ ಅದಕ್ಕಿಂತ ಬಹಳ ಕಡಿಮೆ.

ಸಾಲದಿದ್ದರೆ ಹೊಸ ಡಬ್ಬ. ಹಳೆಯದನ್ನು ಕತ್ತರಿಸಬೇಡಿ, ಕಾರು ಮಾರುವಾಗ ಬೇಕಾಗುತ್ತದೆ. 18 ಮಿಲಿಮೀಟರ್ ಎಂ.ಡಿ.ಎಫ್. ಹಲಗೆ ಸಾಕು. ಕೊಯ್ಯುವಾಗ ಮೂಗಿಗೆ ಮಾಸ್ಕ್ ಇರಲಿ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅಂಟು, ಸ್ಕ್ರೂ, ಒಳಮೂಲೆಗಳಿಗೆ ಸಿಲಿಕೋನ್ ಹಾಕಿ ಪೂರ್ತಿ ಒಣಗಲು ಬಿಡಿ, ಆಮೇಲೆ ಸ್ಪೀಕರ್ ಕೂರಿಸಿ. ಸೋರಿಕೆ ನೋಡಲು ಒಂದು ಕೆಳಸ್ವರ ನುಡಿಸಿ ಜೋಡಣೆಗಳ ಬಳಿ ಅಗರಬತ್ತಿ ಹಿಡಿಯಿರಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಸೀಳಿದೆ.

ಪೋಷಕರು ಕೇಳಿಸಿಕೊಳ್ಳಬೇಕಾದ ಮಾತೂ ಇದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚದೆ ಕೈ ಹಾಕಬಾರದು. ಬೇರೆ ಆಂಪ್ಲಿಫೈಯರ್ ಹಾಕುವುದಾದರೆ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಫ್ಯೂಸ್ ಇರಬೇಕು, ಇಲ್ಲದಿದ್ದರೆ ತಂತಿ ತಗುಲಿ ಕಾರಿಗೆ ಬೆಂಕಿ ಬಿದ್ದೀತು. ಹಳದಿ ತಂತಿಗಳು ಏರ್‌ಬ್ಯಾಗಿನವು, ಅವುಗಳ ತಂಟೆ ಬೇಡ. ಡಬ್ಬವನ್ನು ಬಿಗಿಯಾಗಿ ಬೋಲ್ಟ್ ಮಾಡಬೇಕು. ಗಟ್ಟಿ ಬ್ರೇಕ್ ಹಾಕಿದಾಗ ಸಡಿಲ ಡಬ್ಬ ಹಿಂದಿನ ಸೀಟಿನ ಮಕ್ಕಳ ಮೇಲೆ ಬರುತ್ತದೆ.

ಇನ್ನು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಶಬ್ದವನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಗಾಜು ಏರಿಸಿದ ಕಾರಿನಲ್ಲಿ 90 ದಾಟುವುದು ಕಷ್ಟವಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಮ್ಮ ಶಾಲೆಯ ಗೇಟಿನ ಮುಂದೆ ಪಾಠದ ಹೊತ್ತಿಗೆ ಢಂ ಢಂ ಎನಿಸಿಕೊಂಡು ಹೋಗುವ ಅಣ್ಣಂದಿರಿಗೆ ಇದು ತಲುಪಲಿ. ಆ ವಿಲ್ಚರ್ ಕೂಡ 1967ರಲ್ಲಿ ಕಂಪನಿ ಮಾರಿದ ಮೇಲೆ ತೊಡಗಿದ್ದು ಕಿವಿ ಮಂದವಾದವರಿಗೆ ಶ್ರವಣಯಂತ್ರ ಸುಧಾರಿಸುವ ಕೆಲಸಕ್ಕೆ.

ನನ್ನ ಹುಡುಗ ಹೊಸ ಹಲಗೆಯನ್ನು 43.6, 28.6, 18.6ಕ್ಕೆ ಗುರುತು ಹಾಕಿದ. ಆಯಸ್ಕಾಂತದ ಜಾಗಕ್ಕೆಂದು ಉದ್ದದಲ್ಲಿ ಇನ್ನಷ್ಟು ಸೇರಿಸಬೇಕಲ್ಲವೇ ಎಂದು ಅವನೇ ಕೇಳಿದ. ಎಷ್ಟು ಸೇರಿಸಬೇಕು? ಸ್ಪೀಕರ್ ಒಂದು ಲೀಟರ್ ಜಾಗ ಹಿಡಿಯುತ್ತದೆ ಎಂದಿಟ್ಟುಕೊಂಡು ಒಂಬತ್ತು, ಹತ್ತನೆಯ ತರಗತಿಯವರು ಲೆಕ್ಕ ಮಾಡಿ ತನ್ನಿ. ಉರ್ದುವಿನಲ್ಲಿ ಬರೆದರೂ ಸರಿ, ಕನ್ನಡದಲ್ಲಿ ಬರೆದರೂ ಸರಿ.