ಬಹುಮಾನವಿಲ್ಲದ ಕಲಿಕೆ



ಬ್ಯಾಂಕಿನಲ್ಲಿ ಕಿರ್ದಿ-ಖಾತೆ ಬರೆಯುವ ನಾವು ಇಲಿಗಳ ಪರೀಕ್ಷೆಯ ಮಾತೆತ್ತಿದರೆ ತಮಗೆ ನಗು ಬಂದೀತು. ಆದರೂ ಕೇಳಬೇಕು.

1930ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಟೋಲ್ಮನ್ ಮತ್ತು ಹಾನ್ಜಿಕ್ ಎಂಬವರು ಇಲಿಗಳ ಮೂರು ಗುಂಪುಗಳನ್ನು 14 ಕವಲುಗಳ ಒಂದು ವ್ಯೂಹದಲ್ಲಿ ಬಿಟ್ಟರು. ಮೊದಲ ಗುಂಪಿಗೆ ದಾರಿಯ ಕೊನೆಯಲ್ಲಿ ದಿನವೂ ಆಹಾರ. ಅದರ ತಪ್ಪುಗಳು ದಿನದಿನಕ್ಕೆ ಕಡಮೆಯಾದುವು. ಎರಡನೆಯದಕ್ಕೆ ಎಂದೂ ಇಲ್ಲ. ಅದು ಹೆಚ್ಚು ಸುಧಾರಿಸಲಿಲ್ಲ. ಮೂರನೆಯದೂ 10 ದಿನ ಬರಿದೆ ಅಲೆಯಿತು. ಹೆಚ್ಚೇನೂ ಕಲಿತಂತೆ ಕಾಣಲಿಲ್ಲ. 11ನೆಯ ದಿನ ಅದಕ್ಕೂ ಆಹಾರವಿಟ್ಟರು. ಮರುದಿನವೇ ಅದು ಮೊದಲ ಗುಂಪಿಗೆ ಸರಿಸಮನಾಯಿತು! ದಾರಿ ಮೊದಲೇ ಮನಸ್ಸಿನಲ್ಲಿತ್ತು; ತೋರಿಸಲು ಕಾರಣವಿರಲಿಲ್ಲ, ಅಷ್ಟೆ.

ಇಲಿಯ ಲೆಕ್ಕವನ್ನು ಮಕ್ಕಳಿಗೆ ಹಾಗೆಯೇ ಹಚ್ಚಲಾಗದು, ನಿಜ. ಆದರೆ ಪರೀಕ್ಷೆ ಅಳೆಯುವುದು ನಡತೆಯನ್ನು. ಕಲಿಕೆಯನ್ನು ಅದರಿಂದ ಊಹಿಸುತ್ತೇವೆ. ನಮ್ಮಲ್ಲಿ ಅನೇಕರ ಮಕ್ಕಳಿಗೆ ಶಾಲೆಯಲ್ಲಿ ಕನ್ನಡವಿಲ್ಲ, ಅಂಕವೂ ಇಲ್ಲ. ನಾವು ಕನ್ನಡದಲ್ಲಿ ಕೇಳಿದರೆ ಅವರು ಬೇರೆ ಭಾಷೆಯಲ್ಲಿ ಉತ್ತರಿಸುತ್ತಾರೆ. ‘ಇವರಿಗೆ ಬಾರದು’ ಎಂದು ಖಾತೆ ಮುಚ್ಚುವುದು ಬೇಡ. ವ್ಯೂಹದಲ್ಲಿ ಅಲೆಯಗೊಡದಿದ್ದರೆ ಆ ಇಲಿಗಳಿಗೂ ದಾರಿ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನಾವು ಕನ್ನಡವಾಡುತ್ತಲೇ ಇರೋಣ.