ಹಿತ್ತಲಿಗೆ ಬಂದ ಬಿಳಿ ಪಿಕಳಾರ

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಪಕ್ಷಿವೀಕ್ಷಣಾ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಎರಡು ವರ್ಷಗಳ ಹಿಂದೆ ನಮ್ಮ ಹಿತ್ತಲಲ್ಲಿ ಬಾಳೆಹಣ್ಣು ಇಡುವ ತಟ್ಟೆಗೆ ವಿಚಿತ್ರವಾದ ಹಕ್ಕಿಯೊಂದು ಬಂದಿತು. ತಲೆ, ಬೆನ್ನು ಬಹುಪಾಲು ಬಿಳಿ. ಜುಟ್ಟಿನ ತುದಿಯಲ್ಲಿ ಮಾತ್ರ ಒಂದೆರಡು ಕಪ್ಪು ಗರಿ. ಪಂಜರದಿಂದ ತಪ್ಪಿಸಿಕೊಂಡ ಪರದೇಶದ ಹಕ್ಕಿಯಿರಬೇಕೆಂದು ನೆರೆಯವರು ನಿರ್ಧರಿಸಿಬಿಟ್ಟರು. ಸುದ್ದಿ ಹಬ್ಬಿತು. ಮೂರನೆಯ ದಿನ ಅಪರಿಚಿತನೊಬ್ಬ ಬಲೆ ಹಿಡಿದು ಬಂದು, ಒಳ್ಳೆಯ ಬೆಲೆ ಕೊಡುವೆನೆಂದ. ಇದು ನಮ್ಮದೇ ಕಾಡುಹಕ್ಕಿ, ಹಿಡಿಯುವುದೂ ಮಾರುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೆಂದು ಹೇಳಿ ಕಳುಹಿಸಿದೆವು.

ನಮ್ಮದೇ ಹಕ್ಕಿಯೆಂದು ತಿಳಿದದ್ದು ಹೇಗೆ? ಬಾಲದ ಬುಡದ ಕೆಂಪು ಹಾಗೆಯೇ ಇತ್ತು, ಕೂಗು ಪಿಕಳಾರದ್ದೇ, ಜೊತೆಗೆ ಬಂದದ್ದು ಮಾಮೂಲಿ ಕೆಮ್ಮೀಸೆ ಪಿಕಳಾರ. ಬಣ್ಣ ಮೋಸ ಮಾಡಿದಾಗ ಆಕಾರ, ನಡತೆ, ದನಿಗಳನ್ನು ಕೇಳಬೇಕು.

ಗರಿಯ ಕಪ್ಪು, ಕಂದು ಬಣ್ಣಗಳಿಗೆ ಮೆಲನಿನ್ ಕಾರಣ. ಇದನ್ನು ಹಕ್ಕಿಯ ದೇಹವೇ ತಯಾರಿಸುತ್ತದೆ. ಅನೇಕ ಹಕ್ಕಿಗಳ ಕೆಂಪು, ಹಳದಿಗಳಿಗೆ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ಕಾರಣ. ಅದು ಹಣ್ಣು, ಹುಳುಗಳ ಮೂಲಕ ಒಳಹೋಗಬೇಕು. ಆದುದರಿಂದ ಮೆಲನಿನ್ ಇಲ್ಲವಾದರೂ ಕೆಂಪು ಉಳಿಯಬಲ್ಲದು. ದೇಹದಲ್ಲೆಲ್ಲೂ ಮೆಲನಿನ್ ಇಲ್ಲದ ಹಕ್ಕಿ ಆಲ್ಬಿನೊ. ಅದರ ಕಣ್ಣೂ ಕೆಂಪಾಗಿರುತ್ತದೆ, ದೃಷ್ಟಿ ಮಂದ, ಬಿಸಿಲು ತಡೆಯದು; ಬಹುತೇಕ ಅವು ಬೆಳೆದು ದೊಡ್ಡವಾಗುವುದೇ ಇಲ್ಲ. ಮೈ ಬೆಳ್ಳಗಿದ್ದು ಕಣ್ಣು ಕಪ್ಪಾಗಿದ್ದರೆ ಅದು ಆಲ್ಬಿನೊ ಅಲ್ಲ. ವರ್ಣಕೋಶಗಳು ಹುಟ್ಟಿನಿಂದಲೇ ಚರ್ಮವನ್ನು ತಲುಪದಿರುವುದು ಲ್ಯೂಸಿಸಂ. ನಮ್ಮ ಕೂದಲು ನರೆಯುವಂತೆ, ಪ್ರತಿಸಲ ಗರಿ ಉದುರಿ ಹುಟ್ಟಿದಾಗಲೂ ಬಿಳಿ ಹೆಚ್ಚುತ್ತ ಹೋಗುವ ಇನ್ನೊಂದು ಬಗೆಯೂ ಉಂಟು. ಒಂದೇ ದಿನ ನೋಡಿದವರು ಇವೆರಡನ್ನು ಬೇರ್ಪಡಿಸಲಾರರು.

ವಿಚಿತ್ರವೆನಿಸಿದ್ದೆಲ್ಲ ವಿಚಿತ್ರವೂ ಅಲ್ಲ. ಎಳೆಯ ಕೆಮ್ಮೀಸೆ ಪಿಕಳಾರಕ್ಕೆ ಕೆಂಪು ಮೀಸೆಯೇ ಇರುವುದಿಲ್ಲ. ಗಂಡು ಸೂರಕ್ಕಿ ಸಂತಾನಕಾಲ ಮುಗಿದ ಮೇಲೆ ಮಿರುಗುವ ನೇರಳೆ ಕಳಚಿ, ಕತ್ತಿನಿಂದ ಎದೆಗೆ ಒಂದು ಕರಿಯ ಗೆರೆಯನ್ನಷ್ಟೇ ಉಳಿಸಿಕೊಳ್ಳುತ್ತದೆ. ರಾಜಹಕ್ಕಿಯ ಗಂಡು ಕೆಂಗಂದು, ಬಿಳಿ ಎರಡೂ ವೇಷಗಳಲ್ಲಿ ಕಾಣುತ್ತದೆ. ಹಾಲುವಾಣ ಹೂಬಿಟ್ಟಾಗ ಹಣೆಗೆ ಪರಾಗ ಮೆತ್ತಿಕೊಂಡ ಗೊರವಂಕವನ್ನು ನಾನೇ ಒಮ್ಮೆ ಹೊಸ ಜಾತಿಯೆಂದು ಸಂಭ್ರಮಿಸಿದ್ದೆ. ಮಾರನೆಯ ದಿನದ ಮಳೆ ನನ್ನ ಸಂಶೋಧನೆಯನ್ನು ತೊಳೆದುಹಾಕಿತು!

ಹಕ್ಕಿಗಳಿಗೆ ತಟ್ಟೆಯಿಡುವವರು ಅಮೆರಿಕದ ಹೌಸ್ ಫಿಂಚ್‌ನ ಕಥೆಯನ್ನು ತಿಳಿದಿರಬೇಕು. ಗಂಡು ಸಾಮಾನ್ಯವಾಗಿ ಕೆಂಪು. ಕೆಲವು ಕಿತ್ತಳೆ, ಹಳದಿ. ಹೊಸ ಗರಿ ಮೂಡುವ ದಿನಗಳಲ್ಲಿ ತಿಂದ ಆಹಾರ, ಅನುಭವಿಸಿದ ಕಾಯಿಲೆ ಎರಡೂ ಆ ಬಣ್ಣದಲ್ಲಿ ಕಾಣುತ್ತವೆ. 1994ರಲ್ಲಿ ವಾಷಿಂಗ್ಟನ್ ಸುತ್ತಲಿನ ಮನೆಗಳ ಕಾಳಿನ ತಟ್ಟೆಗಳ ಬಳಿ ಕಣ್ಣು ಊದಿಕೊಂಡ ಫಿಂಚ್‌ಗಳು ಕಂಡವು. ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಆ ರೋಗ ಕೆಲವೇ ವರ್ಷಗಳಲ್ಲಿ ಪೂರ್ವ ಅಮೆರಿಕವನ್ನೆಲ್ಲ ವ್ಯಾಪಿಸಿ ಅಪಾರ ಹಕ್ಕಿಗಳನ್ನು ಕೊಂದಿತು. ಒಂದು ಹಕ್ಕಿ ಮುಟ್ಟಿದ ತಟ್ಟೆಯನ್ನು ಇನ್ನೊಂದು ಮುಟ್ಟಿದಾಗ ಸೋಂಕು ದಾಟುತ್ತಿತ್ತು. ನಮ್ಮ ಪ್ರೀತಿಯ ತಟ್ಟೆಯೂ ಹಾಗಾಗಬಹುದು. ಕೊಳೆತ ಹಣ್ಣನ್ನು ಅಂದೇ ತೆಗೆಯಿರಿ, ನೀರಿನ ಬಟ್ಟಲನ್ನು ದಿನವೂ ಉಜ್ಜಿ ಬಿಸಿಲಿಗಿಡಿ. ಕಾಯಿಲೆಯ ಹಕ್ಕಿ ಕಂಡರೆ ಕೆಲವು ವಾರ ಏನನ್ನೂ ಇಡಬೇಡಿ.

ವಿದ್ಯಾರ್ಥಿಗಳು ನೋಟ್‌ಬುಕ್‌ನಲ್ಲಿ ಕಣ್ಣು, ಕೊಕ್ಕು, ಕಾಲುಗಳ ಬಣ್ಣವನ್ನು ಮೊದಲು ಬರೆಯಲಿ. ಬಿಳಿಯಿರುವುದು ಯಾವ ಗರಿಗಳಲ್ಲಿ, ಎರಡೂ ಪಕ್ಕದಲ್ಲಿ ಸಮನಾಗಿದೆಯೇ ಎಂಬುದರ ಚಿತ್ರ ಬಿಡಿಸಲಿ. ದಿನಾಂಕ ಮರೆಯಬಾರದು. ಗೂಡಿನ ಜಾಗವನ್ನು ಮಾತ್ರ ಯಾರಿಗೂ ಹೇಳಬೇಡಿ. ಬಲೆಯವನು ಪತ್ರಿಕೆಯನ್ನೂ ಓದುತ್ತಾನೆ, ಮೊಬೈಲನ್ನೂ ನೋಡುತ್ತಾನೆ.

ನಮ್ಮ ಪಿಕಳಾರ ಈ ವರ್ಷವೂ ಬಂದಿದೆ. ಅದು ಲ್ಯೂಸಿಸಂ ಎಂದು ನಾನು ಮೊದಲು ಎಲ್ಲರಿಗೂ ಹೇಳಿದ್ದೆ. ಕಳೆದ ಬಾರಿ ಗರಿ ಬದಲಿಸಿದ ಮೇಲೆ ಬಲರೆಕ್ಕೆಯಲ್ಲಿ ಇನ್ನೂ ಮೂರು ಗರಿ ಬೆಳ್ಳಗಾಗಿವೆ. ಈಗ ನರೆಯುವ ಬಗೆಯೇ ಇರಬೇಕೆಂದು ಅನುಮಾನ. ಮುಂದಿನ ಬಾರಿ ಗರಿ ಬದಲಿಸಿದ ಮೇಲೆ ಮತ್ತೆ ಎಣಿಸಬೇಕು.