ತರಗತಿಯ ಮೌನ



ಪಾಠ ಮುಗಿದೊಡನೆ ಅಧ್ಯಾಪಕನು "ತಿಳಿಯಿತೇ?" ಎಂದು ಕೇಳುವುದುಂಟಷ್ಟೆ. ಈ ಪ್ರಶ್ನೆಗೆ ಲೋಕದಲ್ಲಿ ಇರುವುದು ಒಂದೇ ಉತ್ತರ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಕಡೆಯ ಮಕ್ಕಳಿಗೆ ಅರ್ಥಶಾಸ್ತ್ರವನ್ನು ಹೇಳಲು ನಾವು ಮೊದಲು ಹೋದಾಗ, "ತಿಳೀತ್ರಿ ಸರ್" ಎಂಬ ಆ ಉತ್ತರವನ್ನು ದಿನವೂ ಕೇಳಿ ಬಹಳ ಸಂತೋಷಪಟ್ಟೆವು. ಮೊದಲ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದ ದಿನ ಆ ಸಂತೋಷ ತೀರಿತು. ಮಕ್ಕಳು ಸುಳ್ಳಾಡಿದ್ದರೆಂದು ಹೇಳಲಾರೆವು. ನಾವು ಕೇಳಿದ್ದು ಉತ್ತರ ಬಯಸಿದ ಪ್ರಶ್ನೆಯಾಗಿರಲಿಲ್ಲ.

ನಾವು ಹಳೆಯ ಮೈಸೂರು ಸೀಮೆಯವರು, ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಒಂದು ದಿನ ಬೆಲೆಗಳ ಏರಿಳಿತವನ್ನು ವಿವರಿಸುತ್ತ, ಈರುಳ್ಳಿಯ ಬೆಲೆ ಸುಗ್ಗಿಯಲ್ಲಿ ಏಕೆ ಬೀಳುವುದೆಂದು ಕೇಳಿದೆವು. ಹಿಂದಿನ ಸಾಲಿನಿಂದ ನರಗುಂದದ ಕಡೆಯ ಹುಡುಗನೊಬ್ಬನು ಎದ್ದು, "ಉಳ್ಳಾಗಡ್ಡಿ ಮನ್ಯಾಗ ಇಟ್ಕೊಂಡ್ರ ಕೊಳೀತಾವ್ರಿ, ಅದಕ್ಕ ಎಲ್ಲಾರೂ ಒಮ್ಮೆಲೆ ಪ್ಯಾಟಿಗೆ ತರ್ತಾರ್ರಿ" ಎಂದನು. ಉತ್ತರ ಸರಿಯಾಗಿತ್ತು, ಪುಸ್ತಕದ ಉತ್ತರಕ್ಕಿಂತ ಚೆನ್ನಾಗಿಯೂ ಇತ್ತು. ನಾವಾದರೋ, "ಈರುಳ್ಳಿ ಎನ್ನಪ್ಪ, ಪರೀಕ್ಷೆಯಲ್ಲಿ ಉಳ್ಳಾಗಡ್ಡಿ ಎಂದು ಬರೆದೀಯೆ" ಎಂದು ತಿದ್ದಿದೆವು. ತರಗತಿಯೆಲ್ಲ ನಕ್ಕಿತು. ಅವನು ಕುಳಿತುಕೊಂಡನು, ಆ ವರುಷವೆಲ್ಲ ಮತ್ತೆ ಏಳಲಿಲ್ಲ. ಮರುವರುಷ ಕಾಲೇಜಿಗೇ ಬರಲಿಲ್ಲ. ತಂದೆಯ ಸಂಗಡ ಗೋವೆಗೆ ಕೂಲಿಗೆ ಹೋದನೆಂದು ಅವನ ಊರವರು ಹೇಳಿದರು. ಮಳೆ ಕೈಕೊಟ್ಟಾಗ ಆ ಕಡೆಯವರು ಗೋವೆಗೋ ಮಂಗಳೂರಿಗೋ ದುಡಿಮೆಗೆ ಹೋಗುವುದು ಹೊಸತೇನಲ್ಲ. ನಮ್ಮ ಒಂದು ಮಾತಿನಿಂದ ಅವನು ಓದು ಬಿಟ್ಟನೆಂದರೆ ಆ ಮಾತಿಗೆ ಇಲ್ಲದ ಬಲವನ್ನು ಕೊಟ್ಟಂತಾದೀತು. ಆದರೂ, ಉಳಿಯುವುದಕ್ಕೆ ನಾವು ಅವನಿಗೆ ಯಾವ ಕಾರಣವನ್ನು ಕೊಟ್ಟಿದ್ದೆವು?

ಅಂದಿನಿಂದ ಕರಿಹಲಗೆಯ ಒಂದು ಮೂಲೆಯನ್ನು ಊರಿನ ಮಾತಿಗೆ ಬಿಟ್ಟುಕೊಟ್ಟಿದ್ದೇವೆ. ಈರುಳ್ಳಿಯ ಪಕ್ಕದಲ್ಲಿ ಉಳ್ಳಾಗಡ್ಡಿ, ಕಡಲೆಕಾಯಿಯ ಪಕ್ಕದಲ್ಲಿ ಶೇಂಗಾ. ಬೇಡಿಕೆಯ ಸ್ಥಿತಿಸ್ಥಾಪಕತೆ ಎಂಬ ಮಾರುದ್ದದ ಶಬ್ದವನ್ನು ಈಗ ಮೊದಲಿಗೇ ಹೇಳುವುದಿಲ್ಲ. "ಬೆಲೆ ಅರ್ಧಕ್ಕಿಳಿದರೆ ನಿಮ್ಮ ಮನೆಯಲ್ಲಿ ಉಳ್ಳಾಗಡ್ಡಿಯನ್ನು ಎರಡರಷ್ಟು ತಿನ್ನುವಿರಾ?" ಎನ್ನುತ್ತೇವೆ. ನಗು ಏಳುತ್ತದೆ. "ಎಲ್ಲಿದ್ರಿ ಸರ್!" ಹಾಗಾದರೆ ಪೈರು ಹೆಚ್ಚಾದ ವರುಷ ರೈತನ ಗತಿಯೇನು? ಇಷ್ಟು ಆದಮೇಲೆ ಶಬ್ದವನ್ನು ಬರೆದರೆ ಅದು ತಾನಾಗಿ ಕುಳಿತುಕೊಳ್ಳುತ್ತದೆ.

ಇನ್ನೊಂದು, ಕಾಯುವುದು. ಅಮೆರಿಕದ ಮೇರಿ ಬಡ್ ರೋ ಎಂಬ ವಿದುಷಿ 1970ರ ದಶಕದಲ್ಲಿ ತರಗತಿಗಳ ಮಾತುಕತೆಯನ್ನು ಮುದ್ರಿಸಿಕೊಂಡು ಪರೀಕ್ಷಿಸಿದಾಗ, ಅಧ್ಯಾಪಕರು ಪ್ರಶ್ನೆ ಕೇಳಿದ ಮೇಲೆ ಸುಮಾರು 1 ಸೆಕೆಂಡು ಮಾತ್ರ ಕಾಯುವರೆಂದು ಕಂಡುಬಂದಿತು. 3 ಸೆಕೆಂಡಿನಷ್ಟು ಕಾದಲ್ಲಿ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಬಾಯಿಬಿಟ್ಟರು. ಇದನ್ನೋದಿ ನಾವು ಮನಸ್ಸಿನಲ್ಲೇ ಐದರವರೆಗೆ ಎಣಿಸತೊಡಗಿದೆವು. ಮಾತೇ ಕಸುಬಾದವನಿಗೆ ಆ ಐದು ಎಣಿಕೆ ಎಷ್ಟು ದೀರ್ಘವೆಂಬುದನ್ನು ಮಾಡಿಯೇ ನೋಡಬೇಕು! ಅಷ್ಟಕ್ಕೂ ಯಾರೂ ಏಳದಿದ್ದರೆ, ಪಕ್ಕದವರೊಡನೆ ಎರಡು ನಿಮಿಷ ಮಾತಾಡಿ ಇಬ್ಬರೂ ಕೂಡಿ ಹೇಳಿರೆನ್ನುತ್ತೇವೆ. ತಪ್ಪಾದರೆ ತಪ್ಪು ಇಬ್ಬರ ಪಾಲು. ಹೆಣ್ಣುಮಕ್ಕಳು ಮಾತಾಡತೊಡಗಿದ್ದು ಹೀಗೆಯೇ.

ಇದೆಲ್ಲ ಪ್ರಾಥಮಿಕ ಶಾಲೆಯ ಆಟವೆಂದು ಸಹೋದ್ಯೋಗಿಗಳೊಬ್ಬರು ಹಾಸ್ಯ ಮಾಡಿದರು. ದಿಟವೇ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ತೊಡಗಿದ ನಲಿ-ಕಲಿ ಪದ್ಧತಿ 2009-10ರ ಹೊತ್ತಿಗೆ ನಾಡಿನ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಗುಂಪಾಗಿ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿತು ಬಂದ ಆ ಮಕ್ಕಳೇ ಇಂದು ನಮ್ಮ ಮುಂದಿರುವವರು. ಅವರಿಗೆ ಮೌನವನ್ನು ಕಲಿಸಿದವರು ನಡುವಿನ ನಾವುಗಳು.

ಮನೆಗೆಲಸವನ್ನೂ ಬದಲಿಸಿದ್ದೇವೆ. ತೆರಿಗೆಯ ಪಾಠಕ್ಕೆ ಮುನ್ನ, 1980ರ ಜುಲೈ 21ರಂದು ನರಗುಂದದಲ್ಲಿ ಏನಾಯಿತೆಂದು ಮನೆಯ ಹಿರಿಯರನ್ನು ಕೇಳಿ ಬರೆದು ತನ್ನಿರೆಂದೆವು. ಮಲಪ್ರಭಾ ನೀರಾವರಿಯ ಕರಗಳ ವಿರುದ್ಧ ಎದ್ದ ರೈತರ ಮೇಲೆ ಅಂದು ಗೋಲೀಬಾರಾದದ್ದು ಪುಸ್ತಕದಲ್ಲೂ ಉಂಟು. ಆದರೆ ನೀರು ಸರಿಯಾಗಿ ಬಾರದ ಹೊಲಕ್ಕೂ ಅಭಿವೃದ್ಧಿ ಕರ ಏಕೆಂದು ಕೇಳಿದ ಅಜ್ಜನ ಮಾತನ್ನು ಮೊಮ್ಮಗ ತಂದು ಓದಿದಾಗ, ಕರದ ನ್ಯಾಯಾನ್ಯಾಯಗಳನ್ನು ಕುರಿತು ನಾವು ಬೇರೆ ಪೀಠಿಕೆ ಹಾಕಬೇಕಾಗಲಿಲ್ಲ.

ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ತರಗತಿಯ ಅರ್ಧ ಬರಿದು. ಹಾಜರಿ ಪುಸ್ತಕ ಹಿಡಿದು ಗದರಿಸಿ ಫಲವಿಲ್ಲ. ದಿನಕ್ಕೊಬ್ಬರಂತೆ ಪಾಳಿಯ ಮೇಲೆ ಆ ದಿನದ ಪಾಠವನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಹೊಲದಿಂದ ಮರಳಿದವರು ಅದನ್ನು ನೋಡಿಕೊಳ್ಳುತ್ತಾರೆ. ಬರೆದವನಿಗೆ ಲಾಭ ಹೆಚ್ಚೆಂಬುದು ನಮ್ಮ ಅನುಭವ.

ಹೀಗೆ ಮಾಡಿದರೆ ಪಾಠಗಳು ಮುಗಿಯುವುವೇ? ಕೆಲವು ವರುಷ ಮುಗಿದಿಲ್ಲ. ಎಂಬತ್ತು ಮಂದಿಯ ತರಗತಿಯಲ್ಲಿ ಜೋಡಿ ಮಾತು ಸಂತೆಯಾದ ದಿನಗಳೂ ಉಂಟು. ಸೂತ್ರ, ನಕ್ಷೆಗಳನ್ನು ಇಂದಿಗೂ ನಾವೇ ಹಲಗೆಯ ಮೇಲೆ ಬಿಡಿಸಿ ಹೇಳುತ್ತೇವೆ.

ಕಳೆದ ಸಲ ರಾಷ್ಟ್ರೀಯ ಆದಾಯದ ಪಾಠ ನಡೆದಿತ್ತು. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಯೊಬ್ಬಳು, ಎರಡು ವರುಷ ತುಟಿಬಿಚ್ಚದವಳು, ಎದ್ದು ನಿಂತಳು. "ಅಪ್ಪ ನೇಯೋದಕ್ಕ ಸೀರಿ ಲೆಕ್ಕದಾಗ ಕೂಲಿ ಕೊಡ್ತಾರ್ರಿ. ಅವ್ವ ಕಂಡಿಕಿ ಸುತ್ತೋದು ಯಾವ ಲೆಕ್ಕದಾಗ ಬರತೈತ್ರಿ ಸರ್?" ಈ ಸಲ ಐದರವರೆಗೆ ಎಣಿಸಬೇಕಾದವರು ಅವರಾದರು. ಅಷ್ಟರಲ್ಲಿ ಗಂಟೆ ಬಾರಿಸಿತು. ಆಕೆಯ ಪ್ರಶ್ನೆಯನ್ನು ಆಕೆಯ ಮಾತಿನಲ್ಲೇ ಹಲಗೆಯ ಮೇಲೆ ಬರೆದು, ಅಳಿಸಬೇಡಿರೆಂದು ಜವಾನನಿಗೆ ಹೇಳಿ ಬಂದೆವು.